ಹುಣ್ಣಿಮೆ ದಿನ ಮಕ್ಕಳನ್ನು ಸಮುದ್ರಕ್ಕೆ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಸರ್, ನಾನು ಏಳನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. 42 ಮಕ್ಕಳನ್ನು ಒಂದು ದಿನದ ಮಟ್ಟಿಗೆ ಬಂಡೆಗಳಿರುವ ಕಡಲತೀರಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಹೋದ ವರ್ಷ ಮರಳಿನ ತೀರಕ್ಕೆ ಹೋಗಿದ್ದೆವು. ದಡದಲ್ಲಿ ಸತ್ತು ಬಿದ್ದಿದ್ದ ಜೆಲ್ಲಿ ಫಿಶ್ ಅನ್ನು ಒಬ್ಬ ಹುಡುಗ ಮುಟ್ಟಿ, ಕೈ ಉರಿ ಅಂತ ಅಳತೊಡಗಿದ. ಮರಳು ಹಾಕಿ ಉಜ್ಜಿ ಅಂದರು ಒಬ್ಬರು. ಮೂತ್ರ ಹಾಕಿ ಅಂದರು ಇನ್ನೊಬ್ಬರು. ನಾನು ಕುಡಿಯುವ ನೀರಿನಿಂದ ತೊಳೆದೆ. ಉರಿ ಇನ್ನೂ ಜಾಸ್ತಿ ಆಯಿತು. ಸಾಲದ್ದಕ್ಕೆ ಇಬ್ಬರು ಮಕ್ಕಳು ಬಾಟಲಿಯಲ್ಲಿ ಸನ್ಯಾಸಿ ಏಡಿ ತುಂಬಿಕೊಂಡು ಬಂದಿದ್ದರು. ಶಾಲೆ ಮುಟ್ಟುವ ಹೊತ್ತಿಗೆ ಏಡಿಗಳು ಸತ್ತು ಬಸ್ಸೆಲ್ಲ ನಾತ. ಈ ಸಲ ಗೊತ್ತುಮಾಡಿದ ದಿನ ಹುಣ್ಣಿಮೆ ಬಿದ್ದಿದೆ. ಹುಣ್ಣಿಮೆಗೆ ಸಮುದ್ರ ಉಕ್ಕುತ್ತದೆ, ಬೇಡವೇ ಬೇಡ ಅಂತ ಪಾಲಕರು ಹೇಳುತ್ತಿದ್ದಾರೆ. ದಿನ ಬದಲಿಸಬೇಕಾ? ಜೀವಿಗಳನ್ನು ಮುಟ್ಟಲು ಮಕ್ಕಳನ್ನು ಬಿಡಬಹುದಾ? ಈ ರಗಳೆಯೇ ಬೇಡ ಅಂತ ಅಕ್ವೇರಿಯಂಗೆ ಹೋಗುವುದು ಮೇಲಾ? ಒಬ್ಬ ಹುಡುಗಿಗೆ ನೀರು ಅಂದರೆ ಭಯ. ಅವಳನ್ನು ಬಸ್ಸಿನಲ್ಲೇ ಕೂರಿಸಲಾ?

ಉತ್ತರ: ಮೇಡಂ, ಕೇಳಿದ್ದು ಹಲವು ಪ್ರಶ್ನೆ. ಆದರೆ ಒಳಗಿರುವ ಅಳುಕು ಒಂದೇ. ಹೋದ ವರ್ಷದ ಹಾಗೆ ಈ ವರ್ಷವೂ ಏನಾದರೂ ಆದರೆ ಎಲ್ಲರೂ ತಿರುಗಿ ನೋಡುವುದು ನಿಮ್ಮನ್ನೇ, ಅಲ್ವಾ? ಆ ಅಳುಕು ಇರುವುದು ಒಳ್ಳೆಯದು. ಆದರೆ ಅದು ಸರಿಯಾದ ಕಡೆ ನೋಡುತ್ತಿಲ್ಲ ಅಂತ ನನಗನ್ನಿಸುತ್ತದೆ.

ನಾನು ಕಡಲಜೀವಿಗಳ ಬಗ್ಗೆ ಕೆಲಸ ಮಾಡುವವನು. ಇಪ್ಪತ್ತು ವರ್ಷದಿಂದ ಶಾಲೆಯ ಮಕ್ಕಳ ಜೊತೆ ಬಂಡೆಗಳ ಮೇಲೆ ಓಡಾಡಿದ್ದೇನೆ. ನಾನು ಪಟ್ಟಿ ಕಟ್ಟಿದ ಗಾಯಗಳಲ್ಲಿ ಮುಕ್ಕಾಲು ಪಾಲು ಜೆಲ್ಲಿ ಫಿಶ್‌ದೂ ಅಲ್ಲ, ಏಡಿಯದೂ ಅಲ್ಲ. ಪಾಚಿಯ ಮೇಲೆ ಕಾಲು ಜಾರಿ ಬಿದ್ದು ಮೊಣಕಾಲು ತರಚಿದ್ದು. ಯಾಕೆ ಜಾರಿದರು? ಅವಸರದಲ್ಲಿ ನಡೆದರು. ಯಾಕೆ ಅವಸರ? ನೀರು ಏರುತ್ತಿತ್ತು. ಯಾಕೆ ಆ ಹೊತ್ತಲ್ಲಿ ಬಂಡೆ ಮೇಲಿದ್ದರು? ಬಸ್ಸು ಆ ಹೊತ್ತಿಗೆ ಬಂದು ಇಳಿಸಿತ್ತು, ಅಷ್ಟೇ.

ನನ್ನ ಮೊದಲ ಪ್ರವಾಸವೂ ಹಾಗೇ ಆಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಹೊರಡುವುದು, ಹನ್ನೊಂದಕ್ಕೆ ತಲುಪುವುದು, ಒಂದಕ್ಕೆ ಊಟ ಅಂತ ಚೆಂದದ ಹಾಳೆ ಮಾಡಿದ್ದೆ. ನೀರು ಎಷ್ಟಕ್ಕೆ ಇಳಿಯುತ್ತದೆ ಅನ್ನುವುದು ಆ ಹಾಳೆಯಲ್ಲಿ ಇರಲೇ ಇಲ್ಲ. ತಲುಪಿದಾಗ ನಾನು ತೋರಿಸಬೇಕು ಅಂದುಕೊಂಡಿದ್ದ ಬಂಡೆಗಳೆಲ್ಲ ಎದೆಮಟ್ಟದ ನೀರಿನಡಿ. ಮೂವತ್ತು ಮಕ್ಕಳು ಸಾಲಾಗಿ ನಿಂತು ಅಲೆ ನೋಡಿ ವಾಪಸ್ ಬಂದರು. ಕಡಲಜೀವಿ ಎಲ್ಲಿ ಸರ್ ಅಂತ ಒಬ್ಬ ಕೇಳಿದ. ಕೆಳಗೆ ಅಂದೆ.

ಹಾಗಾಗಿ ಬಸ್ಸು ಎಷ್ಟಕ್ಕೆ ಅನ್ನುವುದನ್ನು ಕೊನೆಗೆ ಗೊತ್ತುಮಾಡಿ. ನೀರು ಎಷ್ಟಕ್ಕೆ ಇಳಿಯುತ್ತದೆ ಅನ್ನುವುದು ಮೊದಲು. ಇದೊಂದು ಸರಿಯಾದರೆ ನಿಮ್ಮ ಅರ್ಧ ಪ್ರಶ್ನೆಗಳು ತಾವೇ ಸರಿಯಾಗುತ್ತವೆ. ಹುಣ್ಣಿಮೆಯದ್ದೂ ಸೇರಿ.

ಹುಣ್ಣಿಮೆ ಬಗ್ಗೆ ಪಾಲಕರು ಹೇಳುವುದು ಸುಳ್ಳಲ್ಲ. ಅರ್ಧ ನಿಜ. ಹುಣ್ಣಿಮೆಗೂ ಅಮಾವಾಸ್ಯೆಗೂ ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಇರುತ್ತವೆ. ಉಬ್ಬರ ತರುವುದರಲ್ಲಿ ಸೂರ್ಯನ ಪಾಲು ಚಂದ್ರನ ಪಾಲಿನ ಅರ್ಧಕ್ಕಿಂತ ತುಸು ಕಡಿಮೆ. ಎರಡೂ ಸೇರಿ ಎಳೆದಾಗ ನೀರು ಮಾಮೂಲಿಗಿಂತ ಮೇಲೆ ಏರುತ್ತದೆ. ಪಾಲಕರು ನೋಡಿರುವುದು ಇದನ್ನೇ. ಆದರೆ ಅದೇ ದಿನ ಸುಮಾರು ಆರು ಗಂಟೆ ಬಿಟ್ಟು ಹೋಗಿ ನೋಡಿ. ನೀರು ಮಾಮೂಲಿಗಿಂತ ಕೆಳಗೆ ಇಳಿದಿರುತ್ತದೆ. ಬೇರೆ ದಿನ ಕಾಣಿಸದ ಬಂಡೆಗಳು ಅವತ್ತು ಹೊರಗೆ ಬರುತ್ತವೆ. ನಕ್ಷತ್ರ ಮೀನು, ಕಡಲ ಸೌತೆ, ಸ್ಪಂಜು ಎಲ್ಲ ಇರುವುದು ಆ ಕೆಳಗಿನ ಪಟ್ಟಿಯಲ್ಲೇ. ನಾವು ಬಂಡೆ ತೀರಕ್ಕೆ ಕೆಲಸಕ್ಕೆ ಹೋಗುವುದು ಹುಣ್ಣಿಮೆ, ಅಮಾವಾಸ್ಯೆ, ಅದರ ಮಾರನೇ ದಿನ, ಆಚೆ ದಿನ ನೋಡಿಕೊಂಡೇ. ಅಷ್ಟಮಿ ಆಸುಪಾಸಿನಲ್ಲಿ ಹೋದರೆ ನೀರು ಜಾಸ್ತಿ ಏರುವುದೂ ಇಲ್ಲ, ಜಾಸ್ತಿ ಇಳಿಯುವುದೂ ಇಲ್ಲ. ನೋಡಲು ಸಿಗುವುದೂ ಕಡಿಮೆ.

ಆದ್ದರಿಂದ ದಿನ ಬದಲಿಸಬೇಡಿ. ಆದರೆ ಹುಣ್ಣಿಮೆಯಲ್ಲಿ ಒಂದು ಅಪಾಯ ನಿಜಕ್ಕೂ ಇದೆ, ಅದನ್ನು ಪಾಲಕರಿಗೆ ಮುಚ್ಚಿಡಬೇಡಿ. ಅವತ್ತು ನೀರು ದೂರ ಹೋಗಿರುತ್ತದೆ, ವಾಪಸ್ ಬರುವಾಗ ಜೋರಾಗಿ ಬರುತ್ತದೆ.

ಎಷ್ಟು ಜೋರು? ಹಡಗಿನವರು ಒಂದು ಲೆಕ್ಕ ಇಟ್ಟುಕೊಂಡಿರುತ್ತಾರೆ. ಇಳಿತಕ್ಕೂ ಉಬ್ಬರಕ್ಕೂ ಇರುವ ಎತ್ತರವನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ನೀರು ಒಂದು ಪಾಲು ಏರುತ್ತದೆ. ಎರಡನೇ ಗಂಟೆಯಲ್ಲಿ ಎರಡು, ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲೂ ಮೂರು, ಆಮೇಲೆ ಎರಡು, ಕೊನೆಗೆ ಒಂದು. ನೀವು ಹೋಗುವ ಜಾಗದಲ್ಲಿ ಈ ಎತ್ತರ 2.4 ಮೀಟರ್ ಅಂತಿಟ್ಟುಕೊಳ್ಳಿ. ಮೊದಲ ಗಂಟೆ ಬರೀ 20 ಸೆಂಟಿಮೀಟರ್. ಏನೂ ಆಗಿಲ್ಲ, ಇನ್ನೂ ಸ್ವಲ್ಪ ಹೊತ್ತು ಇರೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಮೂರನೇ ಗಂಟೆಯಲ್ಲಿ ಅದೇ ನೀರು 60 ಸೆಂಟಿಮೀಟರ್ ಏರುತ್ತದೆ. ಏಳನೇ ಕ್ಲಾಸಿನ ಮಗುವಿನ ಮೊಣಕಾಲು ದಾಟಿ ತೊಡೆಯವರೆಗೆ ಬಂತು. ಜನ ಸಿಕ್ಕಿಹಾಕಿಕೊಳ್ಳುವುದು ಹೀಗೆ. ಎಲ್ಲ ತೀರವೂ ಈ ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ. ಕೆಲವು ಕಡೆ ದಿನಕ್ಕೆ ಎರಡು ಉಬ್ಬರ, ಕೆಲವು ಕಡೆ ಒಂದೇ. ಮೆಡಿಟರೇನಿಯನ್ ಸಮುದ್ರದ ಬಹುಪಾಲು ತೀರದಲ್ಲಿ ಏರಿಳಿತ ಕಣ್ಣಿಗೆ ಕಾಣುವುದೇ ಕಷ್ಟ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಅದು 16 ಮೀಟರ್ ತನಕ ಹೋಗುತ್ತದೆ. ಹಾಗಾಗಿ ನೀವು ಹೋಗುವ ಜಾಗದ್ದೇ ಉಬ್ಬರ-ಇಳಿತದ ವೇಳಾಪಟ್ಟಿ ಬೇಕು. ಪಕ್ಕದ ಬಂದರಿನದ್ದಾದರೂ ನಡೆದೀತು, ಆದರೆ ವ್ಯತ್ಯಾಸ ಎಷ್ಟು ಅಂತ ಅಲ್ಲಿನ ಮೀನುಗಾರರನ್ನು ಕೇಳಿಕೊಳ್ಳಿ.

ಪೂರ್ತಿ ಇಳಿತಕ್ಕೆ ಒಂದೂವರೆ, ಎರಡು ಗಂಟೆ ಮೊದಲೇ ಮಕ್ಕಳು ತೀರದಲ್ಲಿ ಇರಲಿ. ಇಳಿಯುವ ನೀರಿನ ಹಿಂದೆಯೇ ನಿಧಾನವಾಗಿ ಕೆಳಗೆ ಹೋಗಿ. ನೀರು ತಿರುಗಿತು ಅಂದರೆ ನೀವೂ ತಿರುಗಿ. ವೇಳಾಪಟ್ಟಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅದು ಚಂದ್ರ, ಸೂರ್ಯರ ಲೆಕ್ಕ ಮಾತ್ರ. ವಾಯುಭಾರ ಕುಸಿದರೆ ನೀರು ಮೇಲೇರುತ್ತದೆ, ಒಂದು ಮಿಲಿಬಾರ್‌ಗೆ ಸುಮಾರು ಒಂದು ಸೆಂಟಿಮೀಟರ್. ದಡದ ಕಡೆಗೆ ಬೀಸುವ ಗಾಳಿಯೂ ನೀರನ್ನು ತಳ್ಳಿಕೊಂಡು ಬರುತ್ತದೆ. ಇನ್ನೊಂದು ಮಾತು: ಇಳಿತ ದಿನಾ ಸುಮಾರು 50 ನಿಮಿಷ ತಡವಾಗುತ್ತದೆ. ಪ್ರವಾಸ ಎರಡು ದಿನ ಮುಂದೆ ಹೋದರೆ ಬಸ್ಸಿನ ಹೊತ್ತೂ ಬದಲಾಗಬೇಕು. ಇದನ್ನು ಮರೆತವರನ್ನು ಬಹಳ ನೋಡಿದ್ದೇನೆ.

ಸಮುದ್ರ ಶಾಂತವಾಗಿ ಕಂಡರೂ ಹೋದ ತಕ್ಷಣ ಇಳಿಯಬೇಡಿ. ಮೇಲೆ ನಿಂತು ಕಾಲು ಗಂಟೆ ಸುಮ್ನೆ ನೋಡಿ. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಹತ್ತು ನಿಮಿಷ ಸಣ್ಣ ಅಲೆ ಬಂದು, ಆಮೇಲೆ ನಾಲ್ಕೈದು ದೊಡ್ಡವು ಬರಬಹುದು. ಏಳನೇ ಅಲೆಯೇ ದೊಡ್ಡದು ಅಂತ ಎಣಿಸುವವರಿದ್ದಾರೆ. ಹಾಗೇನೂ ಇಲ್ಲ. ಅತಿ ದೊಡ್ಡ ಅಲೆ ಎಲ್ಲಿಯವರೆಗೆ ಬಂಡೆ ಒದ್ದೆ ಮಾಡಿತು ನೋಡಿಕೊಳ್ಳಿ. ಮಕ್ಕಳು ಅದರಿಂದ ಈಚೆಗೇ ಇರಬೇಕು. ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುವುದು ಬೇಡ.

ಕಾಲಿಗೆ ರಬ್ಬರ್ ಅಡಿಯ ಮುಚ್ಚಿದ ಶೂ. ಹಳೆಯದಾದರೂ ಸರಿ, ಒದ್ದೆಯಾಗುವುದಕ್ಕೇ ತಂದದ್ದು ಅಂತ ಮೊದಲೇ ಹೇಳಿಬಿಡಿ. ಚಪ್ಪಲಿ ಬೇಡ, ಬರಿಗಾಲಂತೂ ಬೇಡವೇ ಬೇಡ. ಹಸಿರು, ಕಪ್ಪು ಬಣ್ಣದ ಒದ್ದೆ ಬಂಡೆ ಸೋಪಿನಷ್ಟೇ ಜಾರುತ್ತದೆ. ತರಚಿದ ಗಾಯವನ್ನು ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಡಲ ನೀರಿನಲ್ಲಿ ವಿಬ್ರಿಯೊ ಅನ್ನುವ ಬ್ಯಾಕ್ಟೀರಿಯಾಗಳಿರುತ್ತವೆ. ಅಪರೂಪಕ್ಕೆ ಗಾಯದೊಳಗೆ ಸೇರಿ ಕಾಟ ಕೊಡುತ್ತವೆ. ಮಾರನೇ ದಿನಕ್ಕೆ ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ, ಸಮುದ್ರಕ್ಕೆ ಹೋಗಿದ್ದನ್ನೂ ಹೇಳಿ. ಈಜು ಮಾತ್ರ ಈ ಪ್ರವಾಸದಲ್ಲಿ ಇಲ್ಲ. ಅದಕ್ಕೆ ಬೇರೆ ದಿನ, ಬೇರೆ ಜಾಗ, ಜೀವರಕ್ಷಕರು ಇರುವ ಕಡೆ.

ಈಗ ಜೆಲ್ಲಿ ಫಿಶ್. ಹೋದ ವರ್ಷ ಏನಾಯಿತು ಅಂತ ತಿಳಿದರೆ ಮುಂದೆ ಏನು ಮಾಡಬೇಕು ಅನ್ನುವುದು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಅದರ ಎಳೆಗಳ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು. ಪ್ರತಿಯೊಂದರಲ್ಲೂ ಸುರುಳಿ ಸುತ್ತಿಟ್ಟ ವಿಷದ ಮುಳ್ಳು. ಗುಳ್ಳೆಯೊಳಗೆ ಒತ್ತಡ ತುಂಬಿರುತ್ತದೆ. ಏನಾದರೂ ತಾಗಿದರೆ ಮುಳ್ಳು ಚಿಮ್ಮುತ್ತದೆ. ಇದೇ ಬಳಗದ ಹೈಡ್ರಾದಲ್ಲಿ ಅಳೆದು ನೋಡಿದ್ದಾರೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಸಾಕು. ಇದಕ್ಕೆ ಜೆಲ್ಲಿ ಫಿಶ್ ಬದುಕಿರಬೇಕು ಅಂತೇನಿಲ್ಲ. ಗುಳ್ಳೆಗಳು ಹದವಾಗಿದ್ದರೆ ಸತ್ತು ದಡದಲ್ಲಿ ಒಣಗುತ್ತಿರುವುದೂ ಚುಚ್ಚುತ್ತದೆ. ನಿಮ್ಮ ಹುಡುಗನಿಗೆ ಆದದ್ದು ಅದೇ.

ಚರ್ಮಕ್ಕೆ ಅಂಟಿಕೊಂಡ ಎಳೆಯಲ್ಲಿ ಇನ್ನೂ ಸಿಡಿಯದ ಗುಳ್ಳೆಗಳೇ ಜಾಸ್ತಿ. ಅವುಗಳ ಮೇಲೆ ಸಿಹಿನೀರು ಬಿದ್ದರೆ ಉಪ್ಪಿನ ಹದ ಏರುಪೇರಾಗಿ ಅವೂ ಸಿಡಿಯುತ್ತವೆ. ನೀವು ಕುಡಿಯುವ ನೀರು ಸುರಿದಾಗ ಉರಿ ಜಾಸ್ತಿಯಾದದ್ದು ಇದಕ್ಕೇ. ಇದು ನಿಮ್ಮ ತಪ್ಪು ಅಂತ ಕೊರಗಬೇಡಿ, ಎಲ್ಲರ ಕೈಗೂ ಮೊದಲು ಬರುವುದು ನೀರಿನ ಬಾಟಲಿಯೇ. ಮರಳು ಉಜ್ಜಿದರೂ ಒತ್ತಡಕ್ಕೆ ಸಿಡಿಯುತ್ತವೆ. ಮೂತ್ರದಿಂದ ಉಪಯೋಗವಿಲ್ಲ. ಅದರ ಬಹುಪಾಲು ಸಿಹಿನೀರೇ, ಕೆಲವೊಮ್ಮೆ ಅದೂ ಗುಳ್ಳೆಗಳನ್ನು ಸಿಡಿಸುತ್ತದೆ. ಮಗುವಿಗೆ ಅವಮಾನ ಬೇರೆ.

ಹಾಗಾದರೆ ಏನು ಮಾಡಬೇಕು? ಸಮುದ್ರದ ನೀರನ್ನೇ ಸುರಿದು ತೊಳೆಯಿರಿ. ಉಳಿದ ಎಳೆಯನ್ನು ಚಿಮುಟದಿಂದ ಎತ್ತಿ ತೆಗೆಯಿರಿ. ಆಮೇಲೆ ಬಿಸಿನೀರು. ಸುಮಾರು 45 ಡಿಗ್ರಿ ಸೆಲ್ಸಿಯಸ್, 20 ನಿಮಿಷ ಅದ್ದಿಡಬೇಕು. ಬಿಸಿಗೆ ನೋವು ಇಳಿಯುತ್ತದೆ. ನೀರು ಎಷ್ಟು ಬಿಸಿ ಅಂತ ಮೊದಲು ದೊಡ್ಡವರು ತಮ್ಮ ಕೈ ಅದ್ದಿ ನೋಡಬೇಕು. ಉರಿಯುತ್ತಿರುವ ಕೈಗೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಸುಟ್ಟುಕೊಂಡುಬಿಡುತ್ತಾರೆ. ಎರಡು ದೊಡ್ಡ ಥರ್ಮಾಸ್ ಫ್ಲಾಸ್ಕು, ಒಂದು ಬಕೆಟ್ಟು ಬಸ್ಸಿನಲ್ಲಿ ಇರಲಿ. ಬಿಸಿನೀರು ಸಿಗದಿದ್ದರೆ ಪ್ಲಾಸ್ಟಿಕ್ ಚೀಲದೊಳಗಿನ ಐಸ್ ಇಡಿ, ಅದರ ನೀರು ಗಾಯಕ್ಕೆ ಸೋರದಂತೆ.

ವಿನೆಗರ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಉಷ್ಣವಲಯದ ಬಾಕ್ಸ್ ಜೆಲ್ಲಿ ಫಿಶ್‌ಗೆ ವಿನೆಗರ್ ಒಳ್ಳೆಯದು, ಸಿಡಿಯದ ಗುಳ್ಳೆಗಳನ್ನು ತಡೆಯುತ್ತದೆ. ಇನ್ನು ಕೆಲವು ಜಾತಿಗಳಲ್ಲಿ ಅದೇ ವಿನೆಗರ್ ಕೆಟ್ಟದ್ದು ಮಾಡಬಹುದು. ಹೋಗುವ ಜಾಗದಲ್ಲಿ ಯಾವ ಜಾತಿ ಬರುತ್ತದೆ, ಅಲ್ಲಿನ ಜೀವರಕ್ಷಕರು ಏನು ಬಳಸುತ್ತಾರೆ ಅಂತ ಮೊದಲೇ ವಿಚಾರಿಸಿ. ಉಸಿರಾಟಕ್ಕೆ ತೊಂದರೆ, ಎದೆನೋವು, ವಾಂತಿ, ಮುಖ ಊದಿಕೊಳ್ಳುವುದು ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಬಿಟ್ಟು ಆಸ್ಪತ್ರೆ. ಹತ್ತಿರದ ಆಸ್ಪತ್ರೆ ಯಾವುದು, ದಾರಿ ಯಾವುದು ಅಂತ ಡ್ರೈವರ್‌ಗೂ ಗೊತ್ತಿರಲಿ.

ಮುಟ್ಟಲೇಬಾರದ ಎರಡನ್ನು ಮಕ್ಕಳಿಗೆ ಚಿತ್ರ ತೋರಿಸಿ ಹೇಳಿ. ಒಂದು, ಐಸ್‌ಕ್ರೀಮ್ ಕೋನಿನ ಆಕಾರದ, ಚಿತ್ತಾರದ ಚಿಪ್ಪಿನ ಕೋನ್ ಬಸವನಹುಳು. ಬೆಚ್ಚಗಿನ ಸಮುದ್ರಗಳಲ್ಲಿ ಇರುತ್ತದೆ. ನೋಡಿದರೆ ಎತ್ತಿ ಜೇಬಿಗೆ ಹಾಕೋಣ ಅನ್ನಿಸುವಷ್ಟು ಚೆಂದ. ಅದರ ಬಾಯಲ್ಲಿ ವಿಷದ ಈಟಿ ಇದೆ. ದೊಡ್ಡ ಜಾತಿಯದು ಚುಚ್ಚಿ ಮನುಷ್ಯರು ಸತ್ತದ್ದಿದೆ, ಅದಕ್ಕೆ ಪ್ರತಿವಿಷವಿಲ್ಲ. (ಇದೇ ಬಳಗದ ಒಂದು ಜಾತಿಯ ವಿಷವನ್ನು ನೋಡಿ ಮಾಡಿದ ಝೈಕೋನೊಟೈಡ್ ಅನ್ನುವ ನೋವಿನ ಔಷಧಿಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಕ್ಕಳಿಗೆ ಇದನ್ನು ಹೇಳಿದರೆ ಹೆದರಿಕೆಯ ಜೊತೆ ಬೆರಗೂ ಉಳಿಯುತ್ತದೆ.) ಎರಡನೆಯದು ನೀಲಿ ಉಂಗುರದ ಪುಟ್ಟ ಆಕ್ಟೋಪಸ್. ಇಂಡೋ-ಪೆಸಿಫಿಕ್ ಸಮುದ್ರಗಳಲ್ಲಿ ಬಂಡೆ ಸಂದಿಯಲ್ಲಿ ಅಡಗಿರುತ್ತದೆ. ಅದಕ್ಕೇ ಕೈಯನ್ನು ಕಾಣದ ಸಂದಿಗೆ ತೂರಿಸಬಾರದು. ಇವೆರಡೂ ನಿಮಗೆ ಸಿಗುವ ಸಂಭವ ಕಡಿಮೆ. ಆದರೆ "ಗೊತ್ತಿಲ್ಲದ ಚಿಪ್ಪು ಎತ್ತಬೇಡಿ, ಕಾಣದ ಕಡೆ ಕೈ ಹಾಕಬೇಡಿ" ಅನ್ನುವ ಎರಡು ಮಾತು ಎಲ್ಲ ತೀರಕ್ಕೂ ಸಾಕಾಗುತ್ತದೆ.

ಉಳಿದದ್ದನ್ನು ಮುಟ್ಟಲು ಬಿಡಿ. ಮುಟ್ಟಬೇಡ, ಮುಟ್ಟಬೇಡ ಅಂತ ದಿನವಿಡೀ ಕೂಗಿದರೆ ಮಕ್ಕಳು ಕದ್ದು ಮುಟ್ಟುತ್ತಾರೆ. ಅದು ಇನ್ನೂ ಕೆಟ್ಟದ್ದು. ಅಂಗೈಯ ಸನ್‌ಸ್ಕ್ರೀನ್, ಸ್ಯಾನಿಟೈಸರ್ ತೊಳೆದುಕೊಂಡು, ಕೈಯನ್ನು ಕಡಲ ನೀರಲ್ಲಿ ಅದ್ದಿ, ಎರಡು ಬೆರಳಿನಿಂದ ಮೆಲ್ಲಗೆ ಸವರಲಿ. ಪ್ರಾಣಿ ಇದ್ದಲ್ಲೇ ಇರಬೇಕು. ನಕ್ಷತ್ರ ಮೀನನ್ನು ಫೋಟೋಗೆ ಅಂತ ಕಿತ್ತು ಎತ್ತುತ್ತಾರಲ್ಲ, ಅದರ ಹೊಟ್ಟೆಯಡಿ ನೂರಾರು ಕೊಳವೆ ಪಾದಗಳಿವೆ. ಎಳೆದರೆ ಅವು ಬಂಡೆಗೇ ಅಂಟಿ ಹರಿದುಹೋಗುತ್ತವೆ. ಕೈ ಮುರಿದರೆ ಮತ್ತೆ ಬೆಳೆಯುತ್ತದೆ ಅಂತ ಪುಸ್ತಕದಲ್ಲಿ ಓದಿದ ಮಗು ಪರೀಕ್ಷೆ ಮಾಡಲು ಹೊರಡಬಹುದು. ಬೆಳೆಯುವುದು ನಿಜ, ಆದರೆ ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಅದರ ಬೇಟೆ, ಓಡಾಟ ಎಲ್ಲ ಅರೆಬರೆ.

ಸೀ ಅನಿಮೋನ್ ಅಂತಾರಲ್ಲ, ಆ ಕಡಲ ಹೂವಿನ ಎಸಳನ್ನು ಬೆರಳ ತುದಿಯಿಂದ ಮುಟ್ಟಿಸಿ. ಅಂಟಿದ ಹಾಗೆ ಆಗುತ್ತದೆ. ಅದು ಅಂಟಲ್ಲ. ಜೆಲ್ಲಿ ಫಿಶ್‌ನಲ್ಲಿ ಹೇಳಿದ ಅದೇ ಮುಳ್ಳುಗಳು ಬೆರಳಿಗೆ ಸಿಡಿಯುತ್ತಿವೆ. ಬೆರಳ ತುದಿಯ ಚರ್ಮ ದಪ್ಪ, ಹಾಗಾಗಿ ಸಾಮಾನ್ಯವಾಗಿ ಉರಿಯುವುದಿಲ್ಲ. ಅದೇ ಬೆರಳಲ್ಲಿ ಕಣ್ಣು ಉಜ್ಜಿಕೊಳ್ಳಬಾರದು ಅಷ್ಟೇ. ಬೆಚ್ಚಗಿನ ಸಮುದ್ರದ ಕೆಲವು ಜಾತಿಗಳು ಜೋರಾಗಿ ಚುಚ್ಚುತ್ತವೆ. ಅಲ್ಲಿನವರು ಸರಿ ಅಂದದ್ದನ್ನು ಮಾತ್ರ ಮುಟ್ಟಿಸಿ.

ಬಾಟಲಿಯ ಏಡಿ ಯಾಕೆ ಸತ್ತಿತು ಅಂತ ನಿಮ್ಮ ಮಕ್ಕಳನ್ನೇ ಕೇಳಿ ನೋಡಿ. ಒಳ್ಳೆಯ ಪಾಠ ಅದು. ಮುಚ್ಚಿದ ಬಾಟಲಿಯಲ್ಲಿ ನೀರು ಕಾಯುತ್ತದೆ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗಿರುತ್ತದೆ. ಕಾವಿಗೆ ಏಡಿಯ ಮೈಗೆ ಬೇಕಾದ ಆಮ್ಲಜನಕ ಮಾತ್ರ ಜಾಸ್ತಿಯಾಗುತ್ತದೆ. ಇಷ್ಟರ ಮೇಲೆ ಪಾಪ ಅಂತ ಯಾರಾದರೂ ಸಿಹಿನೀರು ಸುರಿದರೆ ಮುಗಿಯಿತು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಅದರ ಮೈ ಒಗ್ಗಿರುವುದು ಅದಕ್ಕೆ. ಜೀವಿ ತರುವುದು ಪೂರ್ತಿ ಬೇಡ.

ಖಾಲಿ ಚಿಪ್ಪು ತರಬಹುದಲ್ಲ ಅಂತೀರಿ. ಒಂದೆರಡಕ್ಕೆ ಏನೂ ಆಗದು. ಆದರೆ 42 ಮಕ್ಕಳು, ತಲಾ ಹತ್ತು ಚಿಪ್ಪು? ಸನ್ಯಾಸಿ ಏಡಿಯ ಹಿಂಭಾಗ ಮೆತ್ತಗೆ, ಅದಕ್ಕೆ ಸ್ವಂತ ಚಿಪ್ಪಿಲ್ಲ. ಬೆಳೆದಂತೆಲ್ಲ ದೊಡ್ಡ ಮನೆ ಹುಡುಕಬೇಕು. ಒಂದು ದೊಡ್ಡ ಖಾಲಿ ಚಿಪ್ಪು ಸಿಕ್ಕಿದರೆ ಏಡಿಗಳು ಗಾತ್ರದ ಪ್ರಕಾರ ಸಾಲು ನಿಂತು, ಮೊದಲನೆಯದು ಮನೆ ಬದಲಿಸಿದ ಕೂಡಲೇ ಅದು ಬಿಟ್ಟದ್ದಕ್ಕೆ ಎರಡನೆಯದು, ಅದು ಬಿಟ್ಟದ್ದಕ್ಕೆ ಮೂರನೆಯದು ನುಗ್ಗುವುದುಂಟು. ನೀವು ಒಂದು ಚಿಪ್ಪು ಎತ್ತಿದರೆ ಆ ಸಾಲೇ ನಿಂತುಹೋಗುತ್ತದೆ. ಹವಳ, ಕಡಲಕುದುರೆಯಂಥವನ್ನು ಸತ್ತದ್ದಾದರೂ ತರುವುದು ಎಷ್ಟೋ ದೇಶಗಳಲ್ಲಿ ಅಪರಾಧ ಕೂಡ. ಫೋಟೋ ತೆಗೆಯಲಿ, ಚಿತ್ರ ಬಿಡಿಸಲಿ.

ಹಾಗಾದರೆ ಎರಡು ಗಂಟೆ ಅಲ್ಲಿ ಮಾಡುವುದೇನು? ಇಲ್ಲಿ ನನ್ನದೊಂದು ಹಟ ಇದೆ. ಬಂಡೆಯಿಂದ ಬಂಡೆಗೆ ಓಡಿಸಬೇಡಿ. ಆರೇಳು ಮಕ್ಕಳಿಗೆ ಒಬ್ಬರು ದೊಡ್ಡವರು, ಒಂದು ಬಂಡೆಗುಂಡಿ (ಇಳಿತದಲ್ಲಿ ಬಂಡೆಗಳ ನಡುವೆ ನೀರು ನಿಂತ ಗುಂಡಿ), ಒಂದು ಭೂತಗನ್ನಡಿ. ಅದರ ಮುಂದೆ ಕೂರಿಸಿ. ಮೊದಲ ಐದು ನಿಮಿಷ ಏನೂ ಇಲ್ಲ ಸರ್ ಅಂತಾರೆ. ಇರಲಿ. ಇವರ ನೆರಳು ಬಿದ್ದು ಎಲ್ಲ ಅಡಗಿರುತ್ತವೆ.

ಒಮ್ಮೆ ಒಬ್ಬಳು ಹುಡುಗಿ ಬಾರ್ನಕಲ್ ಮುಂದೆ ಕೂತಿದ್ದಳು. ಬಂಡೆಗೆ ಅಂಟಿದ ಬಿಳಿ ಸುಣ್ಣದ ಮೊಡವೆಯಂಥದ್ದು. ಕಲ್ಲು ಇದು ಅಂದಳು. ನೀರಿನೊಳಗೆ ಇರುವುದನ್ನು ನೋಡು, ಅಲುಗಾಡಬೇಡ ಅಂದೆ. ಸ್ವಲ್ಪ ಹೊತ್ತಿಗೆ ತುದಿಯ ಪುಟ್ಟ ಬಾಗಿಲು ಸೀಳಿತು. ಒಳಗಿನಿಂದ ಗರಿಯಂಥ ಬೀಸಣಿಗೆ ಹೊರಬಂದು ನೀರನ್ನು ಒಮ್ಮೆ ಗೋರಿ ಒಳಗೆ ಹೋಯಿತು. ಮತ್ತೆ ಬಂತು. ಮತ್ತೆ. ಅವಳು ಉಸಿರು ಬಿಗಿಹಿಡಿದು ಎಣಿಸುತ್ತಿದ್ದಳು. ಅವು ಅದರ ಕಾಲು. ಮರಿಯಾಗಿದ್ದಾಗ ಈಜಾಡಿಕೊಂಡಿದ್ದು, ಜಾಗ ಆರಿಸಿ, ತಲೆಯನ್ನು ಬಂಡೆಗೆ ಅಂಟಿಸಿಕೊಂಡು, ಸುತ್ತ ಮನೆ ಕಟ್ಟಿಕೊಂಡು, ಉಳಿದ ಬದುಕೆಲ್ಲ ತಲೆಕೆಳಗಾಗಿ ನಿಂತು ಕಾಲಿನಿಂದ ಬಾಯಿಗೆ ಊಟ ತಳ್ಳಿಕೊಳ್ಳುತ್ತದೆ. ಏಡಿ, ಸಿಗಡಿಗಳ ನೆಂಟ. ಚಾರ್ಲ್ಸ್ ಡಾರ್ವಿನ್ 1846ರಿಂದ ಎಂಟು ವರ್ಷ ಇವುಗಳ ಹಿಂದೆಯೇ ಬಿದ್ದಿದ್ದರು ಅಂದರೆ ಆ ಹುಡುಗಿಗೆ ಆಶ್ಚರ್ಯವೇ ಆಗಲಿಲ್ಲ.

ಗುಂಡಿಯಿಂದ ಎದ್ದ ಮೇಲೆ ಒಂದು ಹಗ್ಗವನ್ನು ಮೇಲಿನ ಒಣ ಬಂಡೆಯಿಂದ ನೀರಿನ ಕಡೆಗೆ ಎಳೆಯಿರಿ. ಅರ್ಧ ಮೀಟರ್ ಚೌಕದ ಒಂದು ಚೌಕಟ್ಟನ್ನು ಹಗ್ಗದ ಉದ್ದಕ್ಕೂ ಇಡುತ್ತ ಬನ್ನಿ. ಒಳಗೆ ಯಾವುದು ಎಷ್ಟಿದೆ ಎಣಿಸಿ ಬರೆಯಲಿ. ಮೇಲೆ ಸಣ್ಣ ಬಸವನಹುಳು, ಕೆಳಗೆ ಬಾರ್ನಕಲ್, ಇನ್ನೂ ಕೆಳಗೆ ಕಪ್ಪೆಚಿಪ್ಪು, ಕಡಲಕಳೆ ಹೀಗೆ ಪಟ್ಟೆಪಟ್ಟೆಯಾಗಿ ಬರುತ್ತದೆ. ಯಾಕೆ? ಎಲ್ಲವೂ ಮೇಲಕ್ಕೆ ಹೋಗದಂತೆ ತಡೆಯುವುದು ಬಹುಪಾಲು ಬಿಸಿಲು, ಒಣಗುವ ಭಯ. ಕೆಳಕ್ಕೆ ಹೋಗದಂತೆ ತಡೆಯುವುದು ನೆರೆಹೊರೆ. ಸ್ಕಾಟ್ಲೆಂಡ್ ತೀರದಲ್ಲಿ ಜೋಸೆಫ್ ಕಾನೆಲ್ ಅನ್ನುವ ವಿಜ್ಞಾನಿ ಎರಡು ಜಾತಿಯ ಬಾರ್ನಕಲ್‌ಗಳ ಮೇಲೆ ಪ್ರಯೋಗ ಮಾಡಿ 1961ರಲ್ಲಿ ಇದನ್ನು ತೋರಿಸಿದರು. ಮೇಲಿರುವ ಜಾತಿ ಕೆಳಗೂ ಬದುಕಬಲ್ಲದು, ಆದರೆ ಅಲ್ಲಿನ ಗಟ್ಟಿಗ ಜಾತಿ ಅದನ್ನು ಒತ್ತರಿಸಿಬಿಡುತ್ತದೆ.

ರಾಬರ್ಟ್ ಪೇನ್ ಅನ್ನುವ ಇನ್ನೊಬ್ಬ ವಿಜ್ಞಾನಿಯ ಕಥೆಯೂ ಮಕ್ಕಳಿಗೆ ಇಷ್ಟ. ಅಮೆರಿಕದ ವಾಷಿಂಗ್ಟನ್ ತೀರದ ಒಂದು ಬಂಡೆಯಿಂದ ಅವರು 1963ರಿಂದ ನಕ್ಷತ್ರ ಮೀನುಗಳನ್ನು ಕಿತ್ತು ಕಿತ್ತು ಸಮುದ್ರಕ್ಕೆ ಎಸೆದರು. ತಿನ್ನುವವರಿಲ್ಲದೆ ಕಪ್ಪೆಚಿಪ್ಪುಗಳು ಬಂಡೆಯನ್ನೆಲ್ಲ ಆಕ್ರಮಿಸಿದವು. 15 ಬಗೆಯ ಜೀವಿಗಳಿದ್ದ ಕಡೆ 8 ಉಳಿದವು. ಒಂದೇ ಪ್ರಾಣಿ ಹೋದದ್ದಕ್ಕೆ. (ಅವರು ಎಸೆದರಲ್ಲ, ನಾವೂ ಎಸೆಯೋಣ ಅನ್ನುವವನು ಒಬ್ಬ ಇದ್ದೇ ಇರುತ್ತಾನೆ. ಕಥೆಯನ್ನು ಬಸ್ಸಿನಲ್ಲಿ, ವಾಪಸ್ ಬರುವಾಗ ಹೇಳಿ.) ಕಲ್ಲು ಮಗುಚಿ ನೋಡಿದರೆ ಇದ್ದ ಹಾಗೇ ಮತ್ತೆ ಇಡಬೇಕು. ಅಡಿಯಲ್ಲಿ ಅಂಟಿಕೊಂಡವು ಬಿಸಿಲಿಗೆ ಹೆಚ್ಚು ಹೊತ್ತು ತಾಳುವುದಿಲ್ಲ.

ಅಕ್ವೇರಿಯಂ ಕೆಟ್ಟ ಆಯ್ಕೆ ಅಲ್ಲ. ಮಳೆ, ಗಾಳಿ ಮುನ್ಸೂಚನೆ ಇದ್ದರೆ ಅಲ್ಲಿಗೇ ಹೋಗಿ. ದೊಡ್ಡ ಮೀನು, ಶಾರ್ಕ್ ಎಲ್ಲ ಸಿಗುತ್ತವೆ. ಆದರೆ ಅಲ್ಲಿ ನೀರು ಏರುವುದಿಲ್ಲ, ಇಳಿಯುವುದಿಲ್ಲ. ಯಾವುದು ಎಲ್ಲಿ ಯಾಕೆ ಇದೆ ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. ಮರಳಿನ ತೀರ ನಡೆಯಲು ಸುಲಭ, ಗಾಯ ಕಡಿಮೆ. ಆದರೆ ಜೀವಿಗಳು ಮರಳಿನೊಳಗೆ, ಜೊತೆಗೆ ಮಕ್ಕಳಿಗೆ ನೀರಿಗಿಳಿಯುವ ಆಸೆ ಜಾಸ್ತಿ. ಮರಳಿನಡಿ ತೊರಕೆ ಮೀನು ಮಲಗಿರಬಹುದು, ಹಾಗಾಗಿ ಪಾದದಾಳದ ನೀರಿನಲ್ಲೂ ಕಾಲು ಎತ್ತಿಡದೆ ಎಳೆಯುತ್ತ ನಡೆಯಬೇಕು. ಸದ್ದಿಗೆ ಅದು ಸರಿದುಹೋಗುತ್ತದೆ. ಕೆಸರು ಬಯಲು ಮಾತ್ರ ಮಕ್ಕಳಿಗೆ ಬೇಡ. ಕಾಲು ಹೂತುಕೊಳ್ಳುತ್ತದೆ, ನೀರು ನಿಮ್ಮ ಬೆನ್ನ ಹಿಂದಿನ ಕಾಲುವೆಯಿಂದ ಮೊದಲು ತುಂಬಿಕೊಳ್ಳುತ್ತದೆ. ನಾನಾಗಿದ್ದರೆ ನಿಮ್ಮ ಬಂಡೆ ತೀರವನ್ನೇ ಆರಿಸುತ್ತಿದ್ದೆ. ಒಂದು ಷರತ್ತು: ನೀವು ಒಂದು ವಾರ ಮೊದಲು ಇಳಿತದ ಹೊತ್ತಿಗೆ ಒಮ್ಮೆ ಅಲ್ಲಿಗೆ ಹೋಗಿ ಬಂದಿರಬೇಕು. ಆ ವಾರ ನೀರು ಹುಣ್ಣಿಮೆಯಷ್ಟು ಇಳಿದಿರುವುದಿಲ್ಲ, ಆದರೂ ಮೇಲೆ ಹತ್ತುವ ದಾರಿ, ಜಾರುವ ಜಾಗ ಗೊತ್ತಾಗುತ್ತವೆ. ಆಗದಿದ್ದರೆ ಅಕ್ವೇರಿಯಂ.

ಆ ಹುಡುಗಿಯನ್ನು ಬಸ್ಸಿನಲ್ಲಿ ಕೂರಿಸಬೇಡಿ. ಎಲ್ಲರೂ ಗುಂಡಿಗೆ ತಲೆ ಬಗ್ಗಿಸಿ ಕೂತಾಗ ಸಮುದ್ರ ನೋಡುವವರು ಒಬ್ಬರು ಬೇಕು. ನೀವೊಬ್ಬರು ಅವಳ ಪಕ್ಕದಲ್ಲೇ ಇದ್ದು, ಮೇಲಿನ ಒಣ ಬಂಡೆಯ ಮೇಲೆ ಅವಳನ್ನು ಕೂರಿಸಿ. ನೀರಿನ ಅಂಚಿನ ಹತ್ತಿರ ಎದ್ದು ಕಾಣುವ ಒಂದು ಕಲ್ಲು ತೋರಿಸಿ. ಕೈಗೆ ಒಂದು ಗಡಿಯಾರ, ಒಂದು ನೋಟ್‌ಬುಕ್ಕು, ಒಂದು ಸೀಟಿ ಕೊಡಿ. ಹತ್ತು ಹತ್ತು ನಿಮಿಷಕ್ಕೆ ನೀರು ಆ ಕಲ್ಲಿನಿಂದ ಎಷ್ಟು ದೂರ ಅಂತ ಬರೆಯಲಿ. ಅದು ಮತ್ತೆ ಕಲ್ಲಿನ ಕಡೆಗೆ ಬರತೊಡಗಿದ ಕೂಡಲೇ ಸೀಟಿ ಊದಲಿ. ಅವಳು ಊದಿದ ಮೇಲೆ ಯಾರೂ, ನೀವೂ ಸೇರಿ, ಇನ್ನೈದು ನಿಮಿಷ ಅನ್ನುವಂತಿಲ್ಲ ಅಂತ ಬಸ್ಸಿನಲ್ಲೇ ಎಲ್ಲರ ಮುಂದೆ ಹೇಳಿಬಿಡಿ.